ಹರಿವಾಣ ಹಿಡಿದವಳು

ಫಾತಿಕ್ ಊರಿನ ಆ ಅಂಗಳದಲ್ಲಿ ನಾವು ಇಪ್ಪತ್ತಮೂರು ಮಕ್ಕಳು.
ನಾನು ಹದಿನೇಳನೆಯವಳು, ಇಲ್ಲವೇ ಹದಿನೆಂಟು;
ಅದೇ ರಾತ್ರಿ ಪೆಂದಾ ಚಿಕ್ಕಮ್ಮನಿಗೂ ಹೆರಿಗೆಯಾಗಿ
ಯಾವ ಕೂಸು ಮೊದಲು ಅತ್ತಿತೆಂದು
ಯಾರೂ ಬರೆದಿಡಲಿಲ್ಲ.

ಒಂದು ಹರಿವಾಣಕ್ಕೆ ಎಂಟು ಕೈ.
ಎಲ್ಲರಿಗಿಂತ ಕಿರಿಯದು ಅಂಚು ಹಿಡಿಯಬೇಕು,
ಎಡಗೈಯ ಮೂರು ಬೆರಳು, ಬಿಸಿಯಿದ್ದರೂ ಸರಿ.
ಕಣ್ಣೆತ್ತಬಾರದು. ಮಾತಾಡಬಾರದು.
ನಿನ್ನ ಮುಂದಿನ ಅನ್ನ ನಿನ್ನದು,
ನಡುವಿನ ಮೀನು ದೇವರದು,
ಯಾವಳಾದರೂ ತಾಯಿ ಮುರಿದು ಹಂಚುವ ತನಕ.

ಬಾಗಿಲ ಚಪ್ಪಲಿ ಎಣಿಸದೆ ಅಪ್ಪನಿಗೆ ನಿದ್ದೆಯಿಲ್ಲ.
ಮದುವೆಯಾಗಿ ಹೋದವರನ್ನು ಬಿಟ್ಟು ಮೂವತ್ತೆಂಟು.
ಒಂದು ಕಡಿಮೆಯಾದರೂ
ಇಡೀ ಮನೆ ಲಾಟೀನಿನ ಮುಂದೆ ಸಾಲು.
ಒಮ್ಮೆ ಆಡೊಂದು ಕಚ್ಚಿಕೊಂಡು ಹೋಗಿತ್ತು;
ಮೂಡಣ ಕೆಂಪಾಗುವವರೆಗೆ ನಿಂತೆವು.
ಆಡು ಮಾತ್ರ ಮಲಗಿತ್ತು.

ನಮ್ಮ ಹೆಸರುಗಳು ಅವನ ಬಾಯಲ್ಲಿ ಕಲಸಿಹೋಗುತ್ತಿದ್ದವು.
"ತೆನಿಂಗ್" ಎಂದರೆ ನಾಲ್ವರು ಓಡಬೇಕು,
ಯಾರು ಓಡಿದರೇನು, ನೀರು ಬರುತ್ತದಲ್ಲ.
ಬೇವಿನ ಛಡಿ ಕೈಗೆ ಬಂದಾಗ ಮಾತ್ರ
ಅಕ್ಷರ ತಪ್ಪುತ್ತಿರಲಿಲ್ಲ: ನಿಲಾನ್.
ನಾಚಿಕೆಯ ಮಾತು, ಹೇಳಿಬಿಡುತ್ತೇನೆ,
ಅದನ್ನು ಕೇಳಲೆಂದೇ ಒಮ್ಮೆ
ತುಂಬಿದ ಮಡಕೆ ಒಡೆದೆ.

ಎರಡು ದಿನ ಅಮ್ಮನ ಸರದಿ, ಎರಡು ಪೆಂದಾಳದು,
ಎರಡು ಕಿರಿಯ ಸೀಗಾಳದು.
ಯಾರ ಸರದಿಯೋ ಅವಳ ಒಲೆ, ಅವಳ ಕೋಣೆ.
ಆ ಸಂಜೆಗಳಲ್ಲಿ ಅಮ್ಮ ಸೀರಣಿಗೆಯಷ್ಟು ಮೆತ್ತಗೆ ನಡೆಯುವಳು,
ಬಟ್ಟೆಗೆಲ್ಲ ಧೂಪದ ಹೊಗೆ.
ಮಿಕ್ಕ ನಾಲ್ಕು ಸಂಜೆ ನಮ್ಮ ಜಡೆ ಹೆಣೆಯುವಳು
ಬಿಗಿದು, ಬಿಗಿದು,
ಕಣ್ಣಲ್ಲಿ ನೀರು ಬರುವಷ್ಟು. ನಮ್ಮ ಕಣ್ಣಲ್ಲಿ.

ಆದರೂ ಕೇಳಿ: ಬಾಣಂತಿ ಜ್ವರದಲ್ಲಿ ಅಮ್ಮ ಕಣ್ಣು ಬಿಡದೆ ಮಲಗಿದಾಗ
ಆರು ತಿಂಗಳಿಂದ ಮಾತು ಬಿಟ್ಟಿದ್ದ ಪೆಂದಾ ಚಿಕ್ಕಮ್ಮ
ತನ್ನ ಕೂಸಿಗೊಂದು ಮೊಲೆ, ನನಗೊಂದು ಕೊಟ್ಟಳಂತೆ.
ಬೈಯುತ್ತಲೇ ಕೊಟ್ಟಳಂತೆ.

ಡಾಕರ್‌ನ ಪುರಸಭೆಯಲ್ಲಿ ನನ್ನ ಮದುವೆ.
ಗುಮಾಸ್ತ ಕಾಗದ ತಿರುವಿ ವರನನ್ನು ಕೇಳಿದ:
"ಒಬ್ಬಳೋ? ಇಬ್ಬರವರೆಗೋ? ನಾಲ್ವರವರೆಗೋ?"
ಅಕ್ಕಿ ಎಷ್ಟು ಮೂಟೆ ಎಂದು ಕೇಳುವ ಹಾಗೆ.
ಲಾತಿರ್ ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ತೆಗೆದ.
ತಲೆ ತಗ್ಗಿಸಿ ನಾನು ಕೋಣೆಯ ಚಪ್ಪಲಿಗಳನ್ನು ಎಣಿಸತೊಡಗಿದೆ.
ಹದಿನೇಳಕ್ಕೆ ಬಂದಿದ್ದೆ,
"ಒಬ್ಬಳು" ಎಂದ.

ಅಮ್ಮನ ಮುಖ ಅರಳಲಿಲ್ಲ.
"ಒಬ್ಬಳೇನಾ? ನಿನಗೆ ಜ್ವರ ಬಂದ ದಿನ
ನಿನ್ನ ಮೇಲಿನ ಸಿಟ್ಟಿಗೇ ಗಂಜಿ ಕಾಯಿಸುವವಳು ಯಾರು?"

ಅಪ್ಪ ಹೋಗುವ ಮುಂಚೆ ಕೈ ಹಿಡಿದು
"ತೆನಿಂಗ್" ಎಂದ.
ಹೌದಪ್ಪ, ಎಂದೆ.
ಛಡಿ ಇರಲಿಲ್ಲ ಅವನ ಕೈಯಲ್ಲಿ.

ಈಗ ಪಿಕಿನ್‌ನಲ್ಲಿ ಮೂರನೇ ಮಹಡಿ, ಒಬ್ಬಳೇ ಮಗಳು.
ಹೊಡೆಯುವುದಿಲ್ಲ. ಒಮ್ಮೆಯೂ ಇಲ್ಲ.
ಹೆಸರು ಮಾತ್ರ ಕರೆಯುತ್ತೇನೆ:
ದಿಬೋರ್, ಪುಸ್ತಕ. ದಿಬೋರ್, ಹಲ್ಲುಜ್ಜು.
ದಿಬೋರ್, ಫೋನಿನಲ್ಲಿ ಯಾರು?
ದಿಬೋರ್, ಏನು ಯೋಚಿಸುತ್ತಿದ್ದೀ?
ನಿನ್ನೆ ತಲೆಯ ಮೇಲೆ ದಿಂಬು ಒತ್ತಿಕೊಂಡು ಅಂದಳು,
"ಬೇರೆ ಯಾರನ್ನಾದರೂ ಕರಿ, ಅಮ್ಮ."

ಲಾತಿರ್‌ಗೆ ರಾತ್ರಿ ಪಾಳಿ.
ನೆಲದ ಮೇಲೆ ಹರಿವಾಣ, ಆ ಕಡೆ ಅವಳು, ಈ ಕಡೆ ನಾನು.
ಎರಡೇ ಕೈಗೆ ಅದು ಅಲುಗುವುದೂ ಇಲ್ಲ.
ಮೀನೆಲ್ಲ ಮುರಿದು ಅವಳತ್ತ ತಳ್ಳಿಯಾಗಿದೆ;
ಎಡಗೈ ನೋಡಿದರೆ
ನನ್ನನ್ನು ಕೇಳದೆ ಹೋಗಿ ಅಂಚು ಹಿಡಿದು ಕೂತಿದೆ,
ಮೂರು ಬೆರಳು.